ಎಣ್ಣೆ ಕುಡಿದ ಮಣ್ಣು

ಹೊಳೆದಂಡೆಯ ಆಶ್ರಮದಲ್ಲಿ ನೀರೆತ್ತುವ ಎಂಜಿನ್ನಿಗೆಂದು ಇಟ್ಟಿದ್ದ ಡೀಸೆಲ್ ಪೀಪಾಯಿ ತಳ ತುಕ್ಕು ಹಿಡಿದು ಸೋರುತ್ತಿತ್ತು. ಗೊತ್ತಾಗುವ ಹೊತ್ತಿಗೆ ಎಂಜಿನ್ ಮನೆಯ ನೆಲವೆಲ್ಲ ಎಣ್ಣೆ ಕುಡಿದಿತ್ತು. ಆ ಮಣ್ಣು ತೆಗೆಯದಿದ್ದರೆ ಪಕ್ಕದ ಬಾವಿಯೂ ಕೆಡುತ್ತಿತ್ತು.

ಗುರು ಸಿದ್ದವ್ವ ಆ ಕೆಲಸವನ್ನು ಶಿಷ್ಯ ನಿರುಪಾದಿಗೆ ಒಪ್ಪಿಸಿದರು. ಗಮ್‌ಬೂಟು, ಕೈಗವಸು, ಆವಿ ತಡೆಯುವ ಮಾಸ್ಕು ಕೊಟ್ಟರು. ಸ್ವಲ್ಪ ಅಗೆದು ಹೊರಗೆ ಬಂದು ಗಾಳಿಗೆ ಕೂರಬೇಕು, ಆಮೇಲೆ ಮತ್ತೆ ಇಳಿಯಬೇಕು ಎಂದು ಹೇಳಿದರು.

ಬಾಯಿ ತೆರೆದು ದೇವರ ನಾಮ ಹೇಳದೆ ಗುದ್ದಲಿ ಎತ್ತುವ ಪದ್ಧತಿ ಆ ಆಶ್ರಮದಲ್ಲಿರಲಿಲ್ಲ. ಮಾಸ್ಕಿನೊಳಗೆ ನಾಮ ಬರೀ ಗೊಣಗಾಟವಾಯಿತು. ನಿರುಪಾದಿ ಅದನ್ನು ಕುತ್ತಿಗೆಗೆ ಇಳಿಸಿದ.

ಮೊದಲು ನಾತ ಮೂಗಿಗೆ ಅಡರಿತು. ಅವನು ನಾಮ ಬಿಡಲಿಲ್ಲ. ಆಮೇಲೆ ನಾತ ತಾನಾಗಿ ಮಾಯವಾಯಿತು. ತಲೆ ಹತ್ತಿಯಂತೆ ಹಗುರಾಯಿತು. ಕಿವಿಯೊಳಗೆ ಸಣ್ಣಗೆ ಒಂದು ನಾದ. ಮೈ ಇದೆಯೋ ಇಲ್ಲವೋ ತಿಳಿಯದು.

ನಿರುಪಾದಿಯ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಣ್ಮುಚ್ಚಿ ಕೂತರೂ ಬಾರದ್ದು ಇದೇ ಅಲ್ಲವೇ? ಈ ವರ್ಷವೂ ಏನೂ ಆಗದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದೆಂದು ಅವನು ಯಾರಿಗೂ ಹೇಳದೆ ನಿಶ್ಚಯಿಸಿದ್ದ. ಬಂದದ್ದು ಎಲ್ಲಿ ಜಾರಿಹೋಗುತ್ತದೋ ಎಂದು ತಾನು ಅಗೆದ ಗುಂಡಿಯಲ್ಲೇ ಕೂತುಬಿಟ್ಟ.

ಸಿದ್ದವ್ವ ಬಾಗಿಲಿಂದ ಕರೆದರು.

ಅವನು ನಕ್ಕ. "ಬಂದುಬಿಟ್ಟಿದೆ ಅವ್ವಾ. ಎಬ್ಬಿಸಬೇಡಿ."

"ದೇವರು ಬಂದಿದ್ದರೆ ಅವನನ್ನೂ ಕರಕೊಂಡು ಬಾ."

ಅವನು ಏಳಲಿಲ್ಲ. ಸಿದ್ದವ್ವ ಇನ್ನೊಂದು ಮಾಸ್ಕು ಕಟ್ಟಿಕೊಂಡು ಇಳಿದರು. ಕೆಸರಿಗೆ ಬಿದ್ದ ಎಮ್ಮೆಯನ್ನು ಎಳೆಯುವಂತೆ ಎಳೆದು ತಂದು ಹೊಳೆಯ ಗಾಳಿಗೆ ಕೂರಿಸಿದರು.

ಅವನಿಗೆ ವಾಂತಿಯಾಯಿತು. ತಲೆ ಸಿಡಿಯತೊಡಗಿತು. ನಾದವೂ ಇಲ್ಲ, ಹಗುರವೂ ಇಲ್ಲ. ಕೈಗೆ ಬಂದದ್ದನ್ನು ಕೆಡಿಸಿಬಿಟ್ಟಿರಿ ಎಂದು ಅತ್ತ. ಸಿದ್ದವ್ವ ಬಟ್ಟೆ ಬದಲಿಸಿ ಸೋಪು ಹಚ್ಚಿ ಮೈ ತೊಳೆದುಕೊಳ್ಳಲು ಹೇಳಿದರು, ಅಷ್ಟೇ.

ಬಿಸಿಲು ಇಳಿದ ಮೇಲೆ ಅವನನ್ನು ಮತ್ತೆ ಎಂಜಿನ್ ಮನೆಯ ಬಾಗಿಲಿಗೆ ಕರೆತಂದರು. ನಾತ ಕಪಾಳಕ್ಕೆ ಬಾರಿಸಿದಂತೆ ಬಂತು. ನಿರುಪಾದಿ ಹಿಂದೆ ಸರಿದ.

"ಮಧ್ಯಾಹ್ನ ಇದು ಇರಲಿಲ್ಲ," ಎಂದ.

"ಎಲ್ಲಿಗೆ ಹೋಗಿತ್ತು?"

ಅವನು ಗುಂಡಿ ನೋಡಿದ, ಹೊಳೆ ನೋಡಿದ. ಕೊನೆಗೆ ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡ.

"ಹಾಗಾದರೆ ನನಗೆ ಬಂದದ್ದೇನು ಅವ್ವಾ? ಅದೋ, ಡೀಸೆಲ್ಲೋ? ನಾಳೆ ನಿಜವಾದದ್ದೇ ಬಂದರೂ ನನಗೆ ಹೇಗೆ ತಿಳಿಯಬೇಕು?"

ಸಿದ್ದವ್ವ ತಮ್ಮ ಕೈಯಲ್ಲಿದ್ದ ಮಾಸ್ಕನ್ನು ಅವನ ಮೂಗಿಗೆ ಸರಿಯಾಗಿ ಕೂರಿಸಿ, ಹಿಂದೆ ಬಿಗಿಯಾಗಿ ಕಟ್ಟಿದರು.

"ಮಾಸ್ಕು ಜಾರಿದರೂ ಏನೂ ನಾತವಿಲ್ಲ ಅನ್ನಿಸಿದಾಗ ಎದ್ದು ಹೊರಗೆ ಬಾ," ಎಂದರು. "ಜಪಕ್ಕೆ ಕೂತಾಗ ಮೈಯೇ ಇಲ್ಲ ಅನ್ನಿಸಿದರೂ ಅಷ್ಟೇ."