ಸೋತ ಆಟದ ಪುಟ

ರಾಷ್ಟ್ರೀಯ ಫುಟ್‌ಬಾಲ್ ಸಂಘದ ಹೊಸ ಅಧ್ಯಕ್ಷ ಅಂತೋಣಪ್ಪನವರಿಗೆ ಸೋಲು ಅಂದರೆ ಆಗದು. ದಾಖಲೆ ಗುಮಾಸ್ತ ಪುಟ್ಟಮಾದಯ್ಯನನ್ನು ಕರೆದರು.

"ಸುವರ್ಣ ಮಹೋತ್ಸವದಲ್ಲಿ ದಾಖಲೆ ಪುಸ್ತಕ ಎಲ್ಲರೂ ನೋಡುತ್ತಾರೆ. ನಮ್ಮ ತಂಡ ಸೋತ ಒಂದು ಪಂದ್ಯವೂ ಅದರಲ್ಲಿ ಇರಕೂಡದು ಕಣಯ್ಯ."

"ಆಗಲಿ ಸ್ವಾಮಿ."

ಆ ಪುಸ್ತಕದಲ್ಲಿ ಪಂದ್ಯಕ್ಕೊಂದು ಪುಟ. ಆಡಿದವರ ಹೆಸರೂ ಅಲ್ಲೇ. ಪುಟ್ಟಮಾದಯ್ಯ ಹೊಲಿಗೆ ಬಿಚ್ಚಿ, ಸೋತ ಪುಟಗಳನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು, ಬಡವಾದ ಪುಸ್ತಕವನ್ನು ಮೇಜಿನ ಮೇಲಿಟ್ಟ.

ಅಧ್ಯಕ್ಷರು ಎರಡು ಸಲ ತಿರುವಿ ಹಾಕಿದರು. "ನಮ್ಮಪ್ಪನ ಹೆಸರು ಎಲ್ಲಿ ಕಣಯ್ಯ? ಗೋಲ್‌ಕೀಪರ್ ಇನ್ನಾಸಪ್ಪನದು?"

"ಅವರು ದೇಶಕ್ಕೆ ಆಡಿದ್ದು ಒಂದೇ ಪಂದ್ಯ ಸ್ವಾಮಿ. ಒಂಬತ್ತು ಗೋಲು ಬಿದ್ದು ಸೋತೆವು."

ಅಧ್ಯಕ್ಷರ ಮುಖ ಸಣ್ಣದಾಯಿತು. "ಅಪ್ಪ ಅದನ್ನು ಹೇಳಿರಲೇ ಇಲ್ಲ. ಆ ಜರ್ಸಿಯನ್ನು ಮಾತ್ರ ಕೊನೇತನಕ ಮಡಿಸಿಟ್ಟುಕೊಂಡಿದ್ದರು."

ಪುಟ್ಟಮಾದಯ್ಯ ಕಂಕುಳಿನ ಕಟ್ಟಿನಿಂದ ಒಂದು ಪುಟ ತೆಗೆದು ಮುಂದಿಟ್ಟ. ಅಂದಿನ ಗುಮಾಸ್ತ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದ: 'ಇನ್ನಾಸಪ್ಪ ತಡೆದ ಗೋಲು ಇಪ್ಪತ್ಮೂರು. ಬೆರಳು ಮುರಿದರೂ ಮೈದಾನ ಬಿಡಲಿಲ್ಲ.'

ಅಧ್ಯಕ್ಷರು ಆ ಸಾಲನ್ನು ಮೆಲ್ಲಗೆ ಸವರಿದರು. ಕಂಕುಳಿನ ಕಟ್ಟಿನತ್ತ ನೋಡಿ ಕೇಳಿದರು, "ಉಳಿದ ಪುಟಗಳಲ್ಲೂ ಯಾರೋ ಒಬ್ಬರ ಅಪ್ಪ ಇರುತ್ತಾರೆ, ಅಲ್ಲವೇನಯ್ಯ?"

"ಅದಕ್ಕೇ ಸ್ವಾಮಿ," ಎಂದು ಪುಟ್ಟಮಾದಯ್ಯ ಜೇಬಿಗೆ ಕೈ ಹಾಕಿದ, "ದಬ್ಬಣ, ದಾರ ಜೊತೆಗೇ ತಂದಿದ್ದೇನೆ."