ಲೋಟ ತೊಳೆದಿಡು

ವಿರಾಜಪೇಟೆಯಲ್ಲಿ ಪೂವಯ್ಯ, ಉತ್ತಯ್ಯ ಎಂಬ ಇಬ್ಬರು ಗೆಳೆಯರಿದ್ದರು. ಒಂದೇ ಶಾಲೆ, ಒಂದೇ ಪಲ್ಟನ್, ಪಿಂಚಣಿ ಬಂದದ್ದೂ ಒಂದೇ ವರ್ಷ. ಪೂವಯ್ಯನನ್ನು ‘ಪೂವಿ’ ಎಂದು ಕರೆಯುವವನು ಲೋಕದಲ್ಲಿ ಉತ್ತಯ್ಯ ಒಬ್ಬನೇ. ಉತ್ತಯ್ಯನನ್ನು ‘ಉತ್ತ’ ಎಂದು ಕರೆಯುವವನು ಪೂವಯ್ಯ ಒಬ್ಬನೇ.

ಸಂಜೆ ಏಳಾದರೆ ಉತ್ತಯ್ಯ ಪೂವಯ್ಯನ ಜಗಲಿಯಲ್ಲಿ ಹಾಜರು. ಮಿಲಿಟರಿ ಕ್ಯಾಂಟೀನಿನ ರಮ್, ಬಿಸಿನೀರು, ಹುರಿದ ಹಂದಿಮಾಂಸದ ನಾಲ್ಕು ತುಂಡು. ಕುಡಿಯುವ ಮೊದಲು ಇಬ್ಬರೂ ಲೋಟಕ್ಕೆ ಬೆರಳದ್ದಿ, ತೀರಿಹೋದ ಹಿರಿಯರಿಗೆಂದು ಒಂದು ಹನಿ ನೆಲಕ್ಕೆ ಚಿಮುಕಿಸುತ್ತಿದ್ದರು. ಎರಡೇ ಪೆಗ್. ಮೂರನೆಯದರ ಮಾತೆತ್ತಿದರೆ ಪೂವಯ್ಯನ ಹೆಂಡತಿ ತಂಗಮ್ಮ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು.

ಬಾಟಲಿಯ ಕಥೆಯನ್ನು ನೀತಿ ಕಥೆ ಎಂದು ಹೇಳುತ್ತಿದ್ದಾನಲ್ಲ ಎಂದು ಮೂಗು ಮುರಿಯಬೇಡಿ. ಕುಡಿಯಿರಿ ಎಂದು ನಾನು ಹೇಳುವುದಿಲ್ಲ. ಈ ಕಥೆಯಲ್ಲಿ ಮುಂದೆ ಬರುವ ಬಾಟಲಿಯ ಮುಚ್ಚಳವನ್ನು ಇವತ್ತಿನವರೆಗೂ ಯಾರೂ ತೆಗೆದಿಲ್ಲ. ಅದೇ ಇಲ್ಲಿನ ದುಃಖ.

ಆ ಬಾಟಲಿಯ ಆಸೆ ಹುಟ್ಟಿದ್ದು ಅವರಿಬ್ಬರಿಗೂ ಇಪ್ಪತ್ತು ವರ್ಷವಾಗಿದ್ದಾಗ. ಉತ್ತರದ ಒಂದು ಬೆಟ್ಟದ ಕ್ಯಾಂಪಿನಲ್ಲಿ ಇಬ್ಬರಿಗೂ ಆಫೀಸರುಗಳ ಮೆಸ್ಸಿನಲ್ಲಿ ಲೋಟ ತೊಳೆಯುವ ಕೆಲಸ ಬಿದ್ದಿತ್ತು. ಕೈ ಮರಗಟ್ಟುವಂಥ ನೀರು. ಕಪಾಟಿನಲ್ಲಿ ಹಸಿರು ಗಾಜಿನ, ದಪ್ಪ ತಳದ ಒಂದು ವಿಸ್ಕಿ ಬಾಟಲಿ. ಸಿಪಾಯಿಗಳಿಗೆ ಅದನ್ನು ಒರೆಸುವ ಭಾಗ್ಯ ಮಾತ್ರ.

“ಪೂವಿ, ಒಂದು ದಿನ ಇದನ್ನು ನಾವು ಕೊಳ್ಳೋಣ,” ಎಂದಿದ್ದ ಉತ್ತಯ್ಯ. “ಅವತ್ತೂ ಲೋಟ ತೊಳೆಯೋದು ನೀನೇ.”

ಆಮೇಲೆ ಅದೇ ಅವನ ತಮಾಷೆಯಾಯಿತು. ನಲವತ್ತು ವರ್ಷ, ಮೊದಲು ಪಲ್ಟನ್ನಿನಲ್ಲಿ, ಪಿಂಚಣಿ ಬಂದ ಮೇಲೆ ಪೇಟೆಯಲ್ಲಿ, ಬೆಳಿಗ್ಗೆ ಎದುರಾದಾಗಲೆಲ್ಲ ದೂರದಿಂದಲೇ ಕೂಗುತ್ತಿದ್ದ: “ಲೋಟ ತೊಳೆದಿಡು, ಬರ್ತೇನೆ!”

ಇಂಥ ಗೆಳೆತನ ಒಂದು ತೆಂಗಿನಕಾಯಿಯ ದೆಸೆಯಿಂದ ಮುರಿಯಿತು.

ಕೈಲು ಮುಹೂರ್ತದ ಹಬ್ಬದಲ್ಲಿ ಕೊಡವರು ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುವ ಸ್ಪರ್ಧೆ ಇಟ್ಟುಕೊಳ್ಳುತ್ತಾರೆ. ಆ ವರ್ಷ ಪೂವಯ್ಯ ಗುಂಡು ಹೊಡೆದ. ಕಾಯಿ ಅಲ್ಲಾಡಿತು, ಬೀಳಲಿಲ್ಲ. ಮುಂದಿನ ಸರದಿ ಉತ್ತಯ್ಯನದು. ಅವನು ಹೊಡೆದ. ಕಾಯಿ ಎರಡು ಹೋಳಾಗಿ ಬಿತ್ತು.

“ಅದು ನನ್ನ ಗುಂಡಿಗೇ ಬಿರುಕು ಬಿಟ್ಟಿತ್ತು,” ಎಂದ ಪೂವಯ್ಯ.

“ಬಿರುಕಿಗೆ ಬಹುಮಾನ ಇಲ್ಲ ಕಣೋ, ಬಿದ್ದರೆ ಬಹುಮಾನ,” ಎಂದ ಉತ್ತಯ್ಯ.

ಮಾತಿಗೆ ಮಾತು ಬೆಳೆಯಿತು. ಊರೆಲ್ಲ ನೋಡುತ್ತಿತ್ತು. ಊರು ನೋಡುವಾಗ ಸೋಲುವುದು ಸಿಪಾಯಿಗೆ ಕಷ್ಟ. “ಇನ್ನು ನಿನ್ನ ಜಗಲಿ ಹತ್ತಿದರೆ ಕೇಳು,” ಎಂದು ಒಬ್ಬ ಅಂದ. “ಹತ್ತಿಸಿಕೊಂಡರೆ ನನ್ನನ್ನು ಕೇಳು,” ಎಂದು ಇನ್ನೊಬ್ಬ ಅಂದ. ಆ ಕಾಯಿಯನ್ನು ಯಾರೋ ಅಂದೇ ತುರಿದು ಸಾರಿಗೆ ಹಾಕಿದರು. ಜಗಳ ಮಾತ್ರ ಹನ್ನೊಂದು ವರ್ಷ ಉಳಿಯಿತು.

ಈ ಹನ್ನೊಂದು ವರ್ಷದಲ್ಲಿ ಉತ್ತಯ್ಯನ ಹೆಂಡತಿ ತೀರಿಕೊಂಡಳು. ಪೂವಯ್ಯ ಹೋದ, ಅವಳಿಗೆ ಕೈಮುಗಿದ, ಗೆಳೆಯನ ಮುಖ ನೋಡದೆ ಬಂದ. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತ. ಸಂಜೆ ಏಳಾದರೆ ಅವನ ಕಣ್ಣು ಗೇಟಿನ ಕಡೆ ಹೋಗುತ್ತಿತ್ತು. ತಂಗಮ್ಮ ಕೇಳಿದರೆ, “ದನ ಬಂತೇನೋ ಅಂತ ನೋಡಿದೆ,” ಎನ್ನುತ್ತಿದ್ದ. ಅವರ ಬೀದಿಯಲ್ಲಿ ದನವೇ ಇರಲಿಲ್ಲ.

ಹೀಗಿರುವಾಗ ಮಾಜಿ ಸೈನಿಕರ ಸಂಘದವರು ಒಂದು ಪ್ರವಾಸ ಗೊತ್ತುಮಾಡಿದರು. ಮುಂಬೈಯಿಂದ ಹೊರಟು ಗೋವಾ ಮುಟ್ಟಿ ಮತ್ತೆ ಮುಂಬೈಗೆ ಬರುವ ದೊಡ್ಡ ಪ್ರವಾಸಿ ಹಡಗು, ನಾಲ್ಕು ರಾತ್ರಿ. “ನೀರಿನ ಮೇಲೆ ಹೋಗಿ ನಾನೇನು ಮಾಡಲಿ, ನಾನು ಭೂಸೇನೆಯವನು,” ಎಂದು ಪೂವಯ್ಯ ಒಪ್ಪಿರಲಿಲ್ಲ. ಆದರೆ ಸಂಘದ ಗೋಡೆಯಲ್ಲಿ ಹೆಸರಿನ ಪಟ್ಟಿ ಅಂಟಿಸಿದ ದಿನ ಅದನ್ನು ಮೇಲಿನಿಂದ ಕೆಳಕ್ಕೆ ಓದಿದ. ಮನೆಗೆ ಬಂದು, “ನಮ್ಮ ಹೆಸರೂ ಬರೆಸಿ ಬಂದೆ,” ಎಂದ.

ತಂಗಮ್ಮ ನಕ್ಕಳು. “ಉತ್ತಯ್ಯಣ್ಣ ಬರುತ್ತಾರಂತೆ, ಅಲ್ಲವಾ?”

“ಯಾರು ಬಂದರೆ ನನಗೇನು?”

ಹಡಗು ಹೊರಟ ಮೊದಲ ಸಂಜೆ ಪೂವಯ್ಯ ಸುಮ್ಮನೆ ಒಳಗೆಲ್ಲ ಸುತ್ತುತ್ತಿದ್ದ. ಅಲ್ಲೊಂದು ಅಂಗಡಿ. ಗಾಜಿನ ಕಪಾಟಿನಲ್ಲಿ ಸಾಲಾಗಿ ಬಾಟಲಿಗಳು. ಅವುಗಳ ನಡುವೆ ಅದೇ ಹಸಿರು ಗಾಜು, ಅದೇ ದಪ್ಪ ತಳ. ಪೂವಯ್ಯ ಅದರ ಮುಂದೆ ಬಹಳ ಹೊತ್ತು ನಿಂತ. ಐವತ್ತು ವರ್ಷದ ಹಿಂದಿನ ತಣ್ಣೀರು ಬೆರಳಿಗೆ ತಾಗಿದಂತಾಯಿತು.

“ಇದನ್ನು ಕೊಡಮ್ಮ,” ಎಂದ.

ಅಂಗಡಿಯ ಹುಡುಗಿ ಮಂಗಳೂರಿನವಳು. ಬಾಟಲಿಯನ್ನು ಪೆಟ್ಟಿಗೆಗೆ ಹಾಕಿ, ಸೀಲು ಮಾಡಿ, ತನ್ನ ಹಿಂದಿನ ಕಪಾಟಿನಲ್ಲೇ ಇಟ್ಟುಕೊಂಡಳು.

“ಅದು ನನ್ನದಲ್ಲವಾ?”

“ನಿಮ್ಮದೇ ಅಂಕಲ್. ಆದರೆ ಇಲ್ಲಿ ಕೊಂಡ ಬಾಟಲಿ ಹಡಗಿನಲ್ಲಿ ಕುಡಿಯುವ ಹಾಗಿಲ್ಲ, ರೂಲ್ಸು. ಕೊನೆಯ ದಿನ ಸಂಜೆ ನಿಮ್ಮ ಕ್ಯಾಬಿನ್ನಿಗೆ ನಾವೇ ತಂದುಕೊಡುತ್ತೇವೆ. ಅಲ್ಲಿವರೆಗೆ ಬೇಕಾದರೆ ಬಾರ್ ಇದೆಯಲ್ಲ.”

ಪೂವಯ್ಯ ರಸೀದಿ ಹಿಡಿದು ಹೊರಬಂದ. ಬಾಗಿಲಿನಲ್ಲಿ ಒಳಗೆ ಬರುತ್ತಿದ್ದವನು ಉತ್ತಯ್ಯ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಒಂದು ಗಳಿಗೆ ನಿಂತರು. ಆಮೇಲೆ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಸರಿದುಕೊಂಡರು.

ಕ್ಯಾಬಿನ್ನಿಗೆ ಬಂದು ಪೂವಯ್ಯ ಹೆಂಡತಿಯ ಹತ್ತಿರ ಎಲ್ಲ ಹೇಳಿದ. “ಆ ಬಾಟಲಿ ಕೈಗೆ ಬಂದ ಕೂಡಲೇ ಅವನ ಬಾಗಿಲಿಗೆ ಹೋಗುತ್ತೇನೆ. ಏನೂ ಮಾತಾಡುವುದಿಲ್ಲ, ಬಾಟಲಿ ಮುಂದೆ ಹಿಡಿಯುತ್ತೇನೆ. ಅವನಿಗೆ ಅರ್ಥವಾಗುತ್ತದೆ.”

“ಈಗಲೇ ಹೋಗಿ. ಎರಡು ಬಾಗಿಲು ಆಚೆ ಇದ್ದಾರೆ.”

“ಬರಿಗೈಯಲ್ಲಾ? ನನ್ನ ಅಜ್ಜ ಏನು ಹೇಳುತ್ತಿದ್ದರು ಗೊತ್ತಾ? ಮುರಿದದ್ದನ್ನು ಕೂಡಿಸಲು ಹೋಗುವವನು ಬರಿಗೈಯಲ್ಲಿ ಹೋಗಬಾರದು.”

“ಹಾಗಾದರೆ ಬಾರಿನಿಂದ ಎರಡು ಪೆಗ್ ತೆಗೆದುಕೊಂಡು ಹೋಗಿ.”

“ಪೆಗ್ ಹಿಡಿದು ಹೋಗಲು ನಾನೇನು ವೇಟರಾ?”

ತಂಗಮ್ಮ ದಿಂಬು ಕೊಡವಿ ಮಲಗಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯೊಂದನ್ನು ದಿಂಬಿಗೆ ಹೇಳಿದಳು.

ಎರಡನೆಯ ದಿನ ಸಂಜೆ ಪೂವಯ್ಯ ಬಾರಿಗೆ ಹೋದ. ಕಿಟಕಿಯ ಪಕ್ಕದ ಮೇಜಿನಲ್ಲಿ ಉತ್ತಯ್ಯ ಒಬ್ಬನೇ ಕೂತಿದ್ದ. ರಮ್, ಬಿಸಿನೀರು. ಅವನ ಎದುರಿನ ಕುರ್ಚಿ ಖಾಲಿ. ಹೊರಗೆ ಸೂರ್ಯ ನೀರಿಗೆ ಇಳಿಯುತ್ತಿದ್ದ. ಪೂವಯ್ಯ ಎರಡು ಮೇಜಿನಾಚೆ ಕೂತ.

ಉತ್ತಯ್ಯ ಲೋಟಕ್ಕೆ ಬೆರಳದ್ದಿದ. ನೆಲದಲ್ಲಿ ದುಬಾರಿ ಜಮಖಾನ ಹಾಸಿದ್ದರಿಂದ ಆ ಕಡೆ ಈ ಕಡೆ ನೋಡಿ, ಕಳ್ಳನ ಹಾಗೆ ಒಂದು ಹನಿ ಚಿಮುಕಿಸಿದ. ಪೂವಯ್ಯನಿಗೆ ನಗು ಬಂತು. ಅವನೂ ಹಾಗೆಯೇ ಕಳ್ಳ ಹನಿ ಚಿಮುಕಿಸಿದ. ಆಗ ಉತ್ತಯ್ಯ ತಲೆಯೆತ್ತಿದ. ನೇರವಾಗಿ ಇವನನ್ನೇ ನೋಡಿದ. ಲೋಟವನ್ನು ಸ್ವಲ್ಪ, ಒಂದೇ ಒಂದು ಅಂಗುಲ, ಮೇಲೆತ್ತಿದ.

ಓದುಗರೇ, ಇಡೀ ಕಥೆ ಆ ಒಂದು ಅಂಗುಲದಲ್ಲಿದೆ. ಏಳು ಹೆಜ್ಜೆ ನಡೆದರೆ ಆ ಖಾಲಿ ಕುರ್ಚಿ. ಪೂವಯ್ಯನ ಕಾಲುಗಳು ಏಳಲು ಸಿದ್ಧವಾಗಿಯೇ ಇದ್ದವು. ಆದರೆ ಅವನ ತಲೆ ಹೇಳಿತು: ಈಗ ಬೇಡ, ಇನ್ನು ಎರಡೇ ದಿನ, ಹಸಿರು ಬಾಟಲಿ ಬರಲಿ, ಹೋಗುವುದಾದರೆ ಮರ್ಯಾದೆಯಾಗಿ ಹೋಗೋಣ. ಪೂವಯ್ಯ ಮುಖ ತಿರುಗಿಸಿ ಸಮುದ್ರ ನೋಡಿದ. ಮತ್ತೆ ತಿರುಗಿದಾಗ ಉತ್ತಯ್ಯನ ಲೋಟ ಮೇಜಿನ ಮೇಲಿತ್ತು.

ಮೂರನೆಯ ದಿನ ಹಡಗು ಗೋವಾದಲ್ಲಿ ನಿಂತಿತು. ಎಲ್ಲರೂ ಬಸ್ಸುಗಳಲ್ಲಿ ಊರು ನೋಡಲು ಹೋದರು. ಆ ಸಂಜೆ ಬಾರಿನ ಕಿಟಕಿಯ ಪಕ್ಕದ ಮೇಜಿನಲ್ಲಿ ಯಾರೂ ಇರಲಿಲ್ಲ. ಪೂವಯ್ಯನಿಗೆ ಸಿಟ್ಟು ಬಂತು. “ನೋಡು, ನನ್ನ ಮುಖ ಕಾಣಬಾರದೆಂದು ಕುಡಿಯುವುದಕ್ಕೂ ಬರಲಿಲ್ಲ. ಅಷ್ಟು ಜಂಬ!” ಎಂದು ತಂಗಮ್ಮನಿಗೆ ಹೇಳಿದ. ಆ ರಾತ್ರಿ ನಿದ್ದೆ ಮಾಡಲಿಲ್ಲ.

ನಾಲ್ಕನೆಯ ದಿನ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಹಸಿರು ಬಾಟಲಿ ಬಂದಿತ್ತು. ಪೂವಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಬಚ್ಚಲಿನ ನಲ್ಲಿಯಲ್ಲಿ ಎರಡು ಗಾಜಿನ ಲೋಟ ತೊಳೆದ, ಒರೆಸಿದ, ಬೆಳಕಿಗೆ ಹಿಡಿದು ನೋಡಿದ, ಮತ್ತೆ ತೊಳೆದ.

ಅಷ್ಟರಲ್ಲಿ ಇನ್ನೊಮ್ಮೆ ಬಾಗಿಲು ತಟ್ಟಿದರು. ಅದೇ ಅಂಗಡಿಯ ಹುಡುಗಿ. ಕೈಯಲ್ಲಿ ಇನ್ನೊಂದು ಪೆಟ್ಟಿಗೆ.

“ನಾನು ಕೊಂಡದ್ದು ಒಂದೇ ಅಮ್ಮ.”

“ಇದು ಇನ್ನೊಬ್ಬ ಅಂಕಲ್ ಮೊದಲನೆಯ ದಿನವೇ ಕೊಂಡದ್ದು. ನಿಮ್ಮ ಕ್ಯಾಬಿನ್ ನಂಬರಿಗೇ ಕೊಡಬೇಕು ಅಂತ ಬರೆಸಿದ್ದಾರೆ. ಚೀಟಿಯೂ ಇದೆ.”

ಪೆಟ್ಟಿಗೆಯಲ್ಲಿ ಅದೇ ಹಸಿರು ಗಾಜು, ಅದೇ ದಪ್ಪ ತಳ. ಚೀಟಿಯಲ್ಲಿ ಓರೆಕೋರೆ ಅಕ್ಷರದಲ್ಲಿ ಒಂದೇ ಸಾಲು.

“ಪೂವಿ, ಲೋಟ ತೊಳೆದಿಡು, ಬರ್ತೇನೆ. ಉತ್ತ.”

ಪೂವಯ್ಯ ಚೀಟಿ ಹಿಡಿದುಕೊಂಡೇ ಓಡಿದ. ಎಪ್ಪತ್ತೆರಡು ವರ್ಷದ ಮಂಡಿ ನೋವು ಅವನಿಗೆ ನೆನಪೇ ಆಗಲಿಲ್ಲ. ಎರಡು ಬಾಗಿಲು ಆಚೆ ಉತ್ತಯ್ಯನ ಕ್ಯಾಬಿನ್ ತೆರೆದೇ ಇತ್ತು. ಹಾಸಿಗೆಯ ಮೇಲೆ ಹೊಸ ಬಿಳಿ ಹಾಸು. ಚಪ್ಪಲಿಯಿಲ್ಲ, ಚೀಲವಿಲ್ಲ, ಯಾರೂ ಇಲ್ಲ.

ಸಂಘದ ಕಾರ್ಯದರ್ಶಿ ಸೋಮಯ್ಯ ಆ ದಾರಿಯಲ್ಲೇ ಬಂದ.

“ಉತ್ತಯ್ಯನಾ? ಮೊನ್ನೆ... ಅಲ್ಲ, ನಿನ್ನೆ ಬೆಳಿಗ್ಗೆ ಲಕ್ವ ಹೊಡೆಯಿತಲ್ಲ. ಗೋವಾದಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದೆವು. ಜೀವಕ್ಕೆ ಅಪಾಯವಿಲ್ಲವಂತೆ. ಮೈಸೂರಿನಿಂದ ಮಗಳು ಬಂದಿದ್ದಾಳೆ.”

“ನನಗೆ ಯಾಕೆ ಹೇಳಲಿಲ್ಲ?” ಪೂವಯ್ಯ ಕಿರುಚಿದ.

ಸೋಮಯ್ಯ ಕಣ್ಣುಬಿಟ್ಟ. “ನಿಮಗೂ ಅವರಿಗೂ ಮಾತಿಲ್ಲವಲ್ಲ. ಹೇಳಿದರೆ ನಿಮಗೆ ಬೇಸರವಾದೀತು ಅಂತ...”

ಸೋಮಯ್ಯ ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಹನ್ನೊಂದು ವರ್ಷ ಊರಿಗೆಲ್ಲ ಅದನ್ನು ಸಾರಿದವನು ಪೂವಯ್ಯನೇ.

ಮುಂಬೈಯಲ್ಲಿ ಇಳಿದವನೇ ತಂಗಮ್ಮನನ್ನು ಕರೆದುಕೊಂಡು ಗೋವಾದ ರೈಲು ಹತ್ತಿದ. ಆಸ್ಪತ್ರೆಯ ಮೆಟ್ಟಿಲಲ್ಲಿ ತಂಗಮ್ಮ ಚೀಲ ಮುಂದೆ ಹಿಡಿದಳು. “ಬಾಟಲಿ ಬೇಕಾ?”

“ಬೇಡ,” ಎಂದ ಪೂವಯ್ಯ. ಬರಿಗೈಯಲ್ಲಿ ಒಳಗೆ ಹೋದ.

ಉತ್ತಯ್ಯನ ಬಲಗೈ ಸತ್ತಂತೆ ಬಿದ್ದಿತ್ತು. ಬಾಯಿ ಒಂದು ಕಡೆ ವಾಲಿತ್ತು. ಕಣ್ಣು ಮಾತ್ರ ಉತ್ತಯ್ಯನದೇ. ಮಾತು ಹೋಗಿದೆ, ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಪೂವಯ್ಯ ಮಂಚದ ಪಕ್ಕ ಕೂತ. ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. ಕೊನೆಗೆ ಬಾಯಿಗೆ ಬಂದದ್ದು ಒಂದೇ.

“ಉತ್ತ, ಆ ಕಾಯಿ ನಿನ್ನ ಗುಂಡಿಗೇ ಬಿದ್ದದ್ದು.”

ಉತ್ತಯ್ಯ ಇಲ್ಲ ಎಂದು ತಲೆಯಾಡಿಸಿದ. ಕಷ್ಟಪಟ್ಟು ಎಡಗೈ ಎತ್ತಿ ಪೂವಯ್ಯನ ಎದೆಗೆ ಬೆರಳಿಟ್ಟ. ನಿನ್ನ ಗುಂಡಿಗೇ ಬಿದ್ದದ್ದು ಎಂಬಂತೆ.

“ನಿನ್ನದಕ್ಕೇ ಮಾರಾಯ!”

ಮತ್ತೆ ಅದೇ ಬೆರಳು, ಅದೇ ಎದೆ.

ಬಾಗಿಲಲ್ಲಿ ನಿಂತಿದ್ದ ತಂಗಮ್ಮನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. “ಇನ್ನೊಂದು ಜಗಳ ಶುರುಮಾಡಬೇಡಿ,” ಎಂದಳು.

ನರ್ಸಮ್ಮ ಒಂದು ಲೋಟ ನೀರು, ಒಂದು ಚಮಚ ಇಟ್ಟು ಹೋದಳು. ಪೂವಯ್ಯ ಲೋಟ ಕೈಗೆತ್ತಿಕೊಂಡ. ಸುಮ್ಮನೆ ಅಭ್ಯಾಸಬಲದಿಂದ ಅದಕ್ಕೆ ಬೆರಳದ್ದಿ ಒಂದು ಹನಿ ನೆಲಕ್ಕೆ ಚಿಮುಕಿಸಿದ. ಉತ್ತಯ್ಯನ ವಾಲಿದ ಬಾಯಿ ನಗಲು ನೋಡಿತು. ಪೂವಯ್ಯ ಅವನಿಗೊಂದು ಚಮಚ ಕುಡಿಸಿದ, ತಾನೊಂದು ಗುಟುಕು ಕುಡಿದ. ಹೀಗೆ ಆ ಲೋಟ ಮುಗಿಯಿತು.

ಈಗ ಉತ್ತಯ್ಯ ವಿರಾಜಪೇಟೆಯಲ್ಲಿ ತನ್ನ ಮನೆಯಲ್ಲೇ ಇದ್ದಾನೆ. ಮಗಳು ನೋಡಿಕೊಳ್ಳುತ್ತಾಳೆ. ಡಾಕ್ಟರು ಒಂದು ತೊಟ್ಟೂ ಮುಟ್ಟಬಾರದು ಎಂದಿದ್ದಾರೆ. ಅವನು ಮುಟ್ಟದ್ದನ್ನು ಪೂವಯ್ಯನೂ ಮುಟ್ಟುವುದಿಲ್ಲ. ಎರಡು ಹಸಿರು ಬಾಟಲಿ ಪೂವಯ್ಯನ ಬೀರುವಿನಲ್ಲಿ ಸೀಲು ಒಡೆಯದೆ ಕೂತಿವೆ. ತಂಗಮ್ಮ ಬೀಗ ಹಾಕುವುದನ್ನೇ ಬಿಟ್ಟಿದ್ದಾಳೆ.

ಸಂಜೆ ಏಳಾದರೆ ಪೂವಯ್ಯ ಉತ್ತಯ್ಯನ ಜಗಲಿಯಲ್ಲಿ ಹಾಜರು. ಪೇಟೆಯ ಸುದ್ದಿ, ಪಲ್ಟನ್ನಿನ ಸುದ್ದಿ ಎಲ್ಲ ಅವನೊಬ್ಬನೇ ಹೇಳುತ್ತಾನೆ. ಉತ್ತಯ್ಯ ಕೇಳುತ್ತಾನೆ, ಎಡಗೈ ಆಡಿಸುತ್ತಾನೆ. ನಡುನಡುವೆ ಪೂವಯ್ಯ ಮಾತು ನಿಲ್ಲಿಸಿ ಗೆಳೆಯನ ಬಾಯಿಯನ್ನೇ ನೋಡುತ್ತಾ ಕೂರುತ್ತಾನೆ. ಒಂದು ಸಲ, ಒಂದೇ ಒಂದು ಸಲ ಅದು ‘ಪೂವಿ’ ಎನ್ನಲಿ ಎಂದು ಅವನಿಗೆ ಆಸೆ. ಹನ್ನೊಂದು ವರ್ಷ ಆ ಬಾಯಿಗೆ ಮಾತು ಬರುತ್ತಿತ್ತು. ಆಗ ಕೇಳಲು ಇವನು ಹೋಗಿರಲಿಲ್ಲ.

ಆ ಚೀಟಿ ಅವನ ಅಂಗಿಯ ಜೇಬಿನಲ್ಲಿದೆ. ಮಡಿಕೆಯಲ್ಲಿ ಹರಿಯುತ್ತಾ ಬಂದಿದೆ. ಪ್ರತಿದಿನ ಹೊರಡುವ ಮೊದಲು ಪೂವಯ್ಯ ತನ್ನ ಮನೆಯಲ್ಲಿ ಎರಡು ಲೋಟ ತೊಳೆದು ಬೋರಲು ಹಾಕಿಟ್ಟೇ ಹೋಗುತ್ತಾನೆ.

ನೀತಿ: ಮುನಿಸು ಮುರಿಯಲು ಹೋಗುವವನಿಗೆ ಬರಿಗೈಯೇ ಸಾಕು. ತಡಮಾಡಿದವನಿಗೆ ತುಂಬಿದ ಕೈಯೂ ಸಾಲದು.