ನೀರು ಕಂಡ್ರೆ ನಡುಗೋ ಅಂಬಿಗ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಮಧ್ಯೆ ಬಾಯಿ ಹಾಕ್ಬೇಡ ಚಿನ್ನಿ, ಹೊದ್ದಿಕೆ ಎಳ್ಕೊಂಡು ಸುಮ್ನೆ ಮಲಗು, ಒಂದು ಹೊಳೆ ದಡದಲ್ಲಿ ಮುದ್ದಯ್ಯ ಅನ್ನೋ ಅಂಬಿಗ ಇದ್ನಂತೆ. ಹರಿಗೋಲಲ್ಲಿ ಜನಾನ ಈ ದಡದಿಂದ ಆ ದಡಕ್ಕೆ ದಾಟ್ಸೋದು ಅವನ ಕಸುಬು. ಹೊಳೆ ನಡುವೆ ಒಂದು ದೊಡ್ಡ ಸುಳಿ, ಅದರ ಪಕ್ಕದಲ್ಲೇ ನುಸುಳ್ಕೊಂಡು ಹೋಗೋ ದಾರಿ ಅವನೊಬ್ಬನಿಗೇ ಗೊತ್ತಿದ್ದಿದ್ದು. ಅಂಥವನ ಹರಿಗೋಲು ಒಂದಿನ ಮಗುಚ್ಕೊಂಡುಬಿಡ್ತಂತೆ! ಅದರಲ್ಲಿ ಮೂರು ಜನ ಇದ್ರು. ಇಬ್ಬರನ್ನ ಜುಟ್ಟು ಹಿಡಿದು ದಡಕ್ಕೆ ಎಳ್ಕೊಂಡು ಬಂದ್ನಂತೆ. ಮೂರನೆಯವನು ಅವನ ಸ್ವಂತ ತಮ್ಮ ಕರಿಯ, ಅವನು ಮಾತ್ರ ಸಿಗ್ಲೇ ಇಲ್ವಂತೆ.

ಆಮೇಲೆ ನೋಡು, ಈ ಮುದ್ದಯ್ಯ ನೀರು ಕಂಡ್ರೆ ಗಡಗಡ ನಡುಗೋನಂತೆ. ಅಂಬಿಗ ಕಣೇ ಅವನು! ಹೆಂಡ್ತಿ ಚೊಂಬಿಂದ ಲೋಟಕ್ಕೆ ನೀರು ಬಗ್ಗಿಸಿದ ಸದ್ದಾದ್ರೂ ಸಾಕು, ಉಸಿರು ಕಟ್ಟಿ, ಮೈಯೆಲ್ಲಾ ಬೆವತು, ಎದೆ ಹಿಡ್ಕೊಂಡು ಮೂಲೆ ಸೇರೋನಂತೆ. ಏನಾಯ್ತೋ ಅಂದ್ರೆ ಏನಿಲ್ಲ ಅನ್ನೋನಂತೆ. ಹೀಗಿರೋವಾಗ ಆ ದಡದ ಊರಿಗೆ ಮದುವೆ ಮಾಡ್ಕೊಟ್ಟಿದ್ದ ಮಗಳು ಚೆಲುವಿ ಚೊಚ್ಚಲ ಬಸುರಿ ಅಂತ ಬಳೆಗಾರ ಸುದ್ದಿ ತಂದ್ನಂತೆ. ಹೆರಿಗೆಗೆ ತವರಿಗೆ ಕರ್ಕೊಂಡು ಬರ್ಬೇಕಾದೋನು ಅಪ್ಪನೇ ತಾನೇ? ಸುತ್ತು ದಾರಿ ಮೂರು ದಿನದ ನಡಿಗೆ, ಬಸುರಿ ಕೈಲಿ ಆಗುತ್ತಾ? ಮಳೆಗಾಲಕ್ಕೆ ಹೊಳೆ ತುಂಬಿದ್ರೆ ಹರಿಗೋಲೂ ಹೋಗಲ್ಲ. ಇದ್ದಿದ್ದು ಎರಡೇ ತಿಂಗಳು.

ಊರವರು ಸುಮ್ನಿರ್ತಾರಾ? ಮೊದಲು ನೆಂಟರೆಲ್ಲ ಸೇರಿ, ಹೆದರಿಕೆ ಬಿಡ್ಲಿ ಅಂತ, ಅವನನ್ನ ಹೊತ್ಕೊಂಡು ಹೋಗಿ ದೊಪ್ಪಂತ ಹೊಳೆಗೇ ಎಸೆದ್ರಂತೆ. ಅಯ್ಯೋ ಶಿವನೇ! ಎತ್ತೋ ಹೊತ್ತಿಗೆ ಕಣ್ಣು ಮೇಲಾಗಿತ್ತಂತೆ. ಆಮೇಲೆ ಒಬ್ಬ ಮಂತ್ರವಾದಿ ಬಂದು, ತಮ್ಮನ ದೆವ್ವ ಹಿಡಿದಿದೆ ಅಂತ ಬೇವಿನ ಬರಲಲ್ಲಿ ಬಾರಿಸಿದ್ನಂತೆ. ಮೂರನೇದು ಕೇಳು, ಬೇಡ, ಕಿವಿ ಮುಚ್ಕೋ... ಕಾದ ಕುಡುಗೋಲಲ್ಲಿ ಬೆನ್ನಿಗೆ ಬರೆ ಎಳೆದ್ರಂತೆ ಕಣೇ! ಜೀವ ಇರೋ ಮನುಷ್ಯನಿಗೆ! ಅವರ ಕೈ ಸೇದೋಗ್ಲಿ. ಇಷ್ಟಾದ್ರೂ ನಡುಕ ಹೋಯ್ತಾ? ಇಲ್ಲ, ಇನ್ನೂ ಹೆಚ್ಚಾಯ್ತಂತೆ.

ಆಗ ಬಂದ್ಲಂತೆ ಸೂಲಗಿತ್ತಿ ದ್ಯಾವಜ್ಜಿ. ಊರಲ್ಲಿ ಹೆರಿಗೆ ಮಾಡ್ಸೋಳು ಅವಳೇ, ಈ ಮುದ್ದಯ್ಯನೂ ಅವಳ ಕೈಲೇ ಹುಟ್ಟಿದ್ದು. ಬೆನ್ನು ನೋಡಿ, ಥೂ ನಿಮ್ಮ, ಅಂತ ಎಲ್ಲರನ್ನೂ ಆಚೆ ಅಟ್ಟಿ, ಬಾಗಿಲು ಮುಂದೆ ಮಾಡಿ, ಒಂದು ಚೊಂಬು ನೀರು ದೂರದಲ್ಲಿಟ್ಟು ಅವನ ಪಕ್ಕ ಕೂತ್ಲಂತೆ. ಶುರುವಾಯ್ತು ನಡುಕ. ಅಜ್ಜಿ ಕೈ ಹಿಡ್ಕೊಂಡು, ಇದೂ ಹೆರಿಗೆ ನೋವಿದ್ದಂಗೇ ಕಣಪ್ಪ, ಬರುತ್ತೆ, ಏರುತ್ತೆ, ಇಳಿಯುತ್ತೆ, ನಾನಿಲ್ಲೇ ಇದೀನಿ, ಉಸಿರು ಬಿಡು ಅಂದ್ಲಂತೆ. ಕಿಟಕೀಲಿ ಬಗ್ಗಿ ನೋಡ್ತಿದ್ದೋರು, ಅಂಬಿಗನಿಗೆ ಎಷ್ಟು ತಿಂಗಳಂತೆ ಅಂತ ಕಿಸಿಕಿಸಿ ನಕ್ರಂತೆ. ನಗ್ಲಿ ಬಿಡು. ನಡುಕ ಏರ್ತಾ ಏರ್ತಾ ಹೋಗಿ, ನಿಜವಾಗ್ಲೂ ಇಳಿದುಬಿಡ್ತಂತೆ! ಮುದ್ದಯ್ಯ ಬಾಯಿ ತೆಕ್ಕೊಂಡು ಕೂತಿದ್ನಂತೆ.

ಆಮೇಲೆ ದಿನಾ ಬಂದ್ಲಂತೆ. ಚೊಂಬು ಹೋಗಿ ಬಾನಿ ಆಯ್ತು, ಬಾನಿ ಹೋಗಿ ಹೊಳೆ ದಡ ಆಯ್ತು. ಒಂದೊಂದಿನ ಅವನು ಎದ್ದು ಮನೆಗೆ ಓಡಿಬಿಡೋನು. ಅಜ್ಜಿ ಬೈತಿರ್ಲಿಲ್ಲ, ಆಗ್ಲಿ ನಾಳೆ ನೋಡಣ, ಹೊತ್ತಿಗೆ ಮುಂಚೆ ಮಗು ಎಳೆಯೋಳು ಎಂಥ ಸೂಲಗಿತ್ತಿ ಅನ್ನೋಳಂತೆ. ಹಿಂಗೇ ದಡದಲ್ಲಿ ಕೂತಿದ್ದಾಗ ಒಂದಿನ ಅವನೇ ಬಾಯಿ ಬಿಟ್ನಂತೆ. ಏನಂದ ಗೊತ್ತಾ? ನಮ್ಮಜ್ಜಿ ನಂಗೆ ಈ ಕತೇಲಿ ಇದನ್ನ ಹೇಳ್ದಾಗ ನನ್ನ ಎದೆ ಧಸಕ್ ಅಂದಿತ್ತು. ಅವ್ವಾ, ಕರಿಯ ಕೈಗೆ ಸಿಗ್ದೇ ಹೋಗಿದ್ದಲ್ಲ, ಅವನು ಗಾಬರೀಲಿ ನನ್ನ ಕತ್ತು ಅಮುಕಿ ಹಿಡಿದಿದ್ದ, ನಾನೇ ಬಿಡಿಸಿ ತಳ್ಳಿಬಿಟ್ಟೆ ಅಂದ್ನಂತೆ! ಒಡಹುಟ್ಟಿದ ತಮ್ಮನ್ನ!

ದ್ಯಾವಜ್ಜಿ ಬೆಚ್ಚಿ ಬೀಳ್ಲಿಲ್ವಂತೆ, ಹಿಡಿದ ಕೈಯೂ ಬಿಡ್ಲಿಲ್ವಂತೆ. ಬಿಡಿಸದೆ ಇದ್ದಿದ್ರೆ ಆ ಇಬ್ಬರನ್ನ ಯಾರಪ್ಪ ಎಳೀತಿದ್ರು ಅಂತ ಅಷ್ಟೇ ಕೇಳಿದ್ಲಂತೆ. ಕರಿಯ ಸತ್ತ ದಿನವೂ ಅಳದೇ ಇದ್ದೋನು ಅವಳ ಮಡಿಲಲ್ಲಿ ತಲೆಯಿಟ್ಟು, ಹೊತ್ತು ಇಳಿಯೋವರ್ಗೂ ಅತ್ನಂತೆ. ಮಾರನೇ ದಿನ ಒಣಗಿ ಬಿರುಕು ಬಿಟ್ಟಿದ್ದ ಹರಿಗೋಲಿಗೆ ಹೊಸ ತೊಗಲು ಹೊಚ್ಚೋಕೆ ಕೂತ್ನಂತೆ.

ಮೊದಲ ಮಳೆ ಬಿದ್ದಿತ್ತು, ಹೊಳೆ ಏರ್ತಿತ್ತು. ಮುದ್ದಯ್ಯ ನಡುಗೋ ಕೈಯಲ್ಲೇ ಹುಟ್ಟು ಹಾಕ್ಕೊಂಡು ಆ ದಡಕ್ಕೆ ಹೋಗಿ, ಮಗಳನ್ನ ಕೂರಿಸ್ಕೊಂಡು ಹೊರಟ್ನಂತೆ. ಸುಳಿ ಹತ್ರ ಬಂದ್ರು ನೋಡು, ಅಯ್ಯಯ್ಯೋ, ಚೆಲುವಿಗೆ ನೋವು ಶುರುವಾಗ್ಬಿಡ್ತಂತೆ! ಅಪ್ಪಾ ಸತ್ತೆ ಅಂತ ಕಿರುಚಿ, ಗಾಬರೀಲಿ ಅವನ ಕತ್ತನ್ನೇ ಅಮುಕಿ ಹಿಡ್ಕೊಂಡ್ಲಂತೆ. ಅದೇ ನೀರು, ಅದೇ ಸುಳಿ, ಕತ್ತಿನ ಮೇಲೆ ಅದೇ ಹಿಡಿತ! ಮುದ್ದಯ್ಯನಿಗೆ ಕಣ್ಣು ಕತ್ತಲೆ ಬಂತಂತೆ. ಆದ್ರೂ ಅವನು ಆ ಕೈ ಬಿಡಿಸ್ಲಿಲ್ಲ. ಬರುತ್ತೆ ಮಗಳೇ, ಏರುತ್ತೆ, ಇಳಿಯುತ್ತೆ, ನಾನಿಲ್ಲೇ ಇದೀನಿ, ಉಸಿರು ಬಿಡವ್ವಾ ಅಂದ್ನಂತೆ. ಅವಳೂ ಉಸಿರು ಬಿಟ್ಲು, ಅವನೂ ಬಿಟ್ಟ. ಅವಳ ಕೈ ತಾನಾಗೇ ಸಡಿಲ ಆಯ್ತಂತೆ, ಹರಿಗೋಲು ಸುಳಿ ದಾಟ್ತಂತೆ.

ದಡದಲ್ಲಿ ದ್ಯಾವಜ್ಜಿ ಹಳೇ ಸೀರೆ ಹಿಡ್ಕೊಂಡು ನಿಂತಿದ್ಲು. ಸಂಜೆಗೆ ಹೆಣ್ಣು ಮಗು. ಏನು ಹೆಸರಿಡೋಣ ಅಂದಾಗ, ಅಷ್ಟು ದಿನ ಊರವರ ಮುಂದೆ ತಮ್ಮನ ಹೆಸರೆತ್ತದೇ ಇದ್ದ ಮುದ್ದಯ್ಯ, ಕರಿಯವ್ವ ಅಂತ ಎಲ್ಲರಿಗೂ ಕೇಳೋ ಹಂಗೆ ಕೂಗಿದ್ನಂತೆ.

ಮತ್ತೆ ನಡುಕ ಬರ್ಲೇ ಇಲ್ವಾ ಅಂತೀಯಾ? ಬರ್ತಿತ್ತಂತೆ ಒಂದೊಂದ್ಸಲ. ಬಂದ್ರೆ ಹುಟ್ಟು ಕೆಳಗಿಟ್ಟು, ಇಳಿಯೋವರ್ಗೂ ಕೂತಿದ್ದು, ಆಮೇಲೆ ದಾಟ್ಸೋನಂತೆ. ಕತೆ ಮುಗೀತು, ಕಣ್ಮುಚ್ಚು. ನನ್ನ ಎದೆ ನೋಡು, ಇನ್ನೂ ಹೊಡ್ಕೊಳ್ತಿದೆ.